ಜೇವರ್ಗಿ ಅದ, ಆದ್ರೂ ಸಿಗಲಿಲ್ಲ

ಸಿ ಭಾಷೆಯ ಒಂದು ಲೈಬ್ರರಿಗೆ ಗೆಳೆಯರೊಬ್ಬರು ಹುಡುಕಾಟದ ಹೊಸ ಫಂಕ್ಷನ್ ಬರೆದು, ‘ಒಮ್ಮೆ ನೋಡ್ರಿ’ ಅಂತ ಕಳಿಸಿದ್ದರು. ದೊಡ್ಡ ಪಠ್ಯದೊಳಗೆ ಒಂದು ಪದ ಎಲ್ಲದ ಅಂತ ಹೇಳೋದು ಅದರ ಕೆಲಸ. ಸಿಯಲ್ಲಿ ಇದಕ್ಕೆ ‘ಸ್ಟ್ರ್‌ಸ್ಟ್ರ್’ ಅಂತ ಹಳೇ ಫಂಕ್ಷನ್ ಇದ್ದೇ ಇದೆ, ಇದು ಅದರ ತಮ್ಮ ಅನ್ನಿ.

ವೇಗದ ಬಗ್ಗೆ ನನ್ನ ತಕರಾರಿಲ್ಲ. ಕ್ರೋಷ್ಮೋರ್ ಮತ್ತು ಪೆರಿನ್ 1991ರಲ್ಲಿ ಪ್ರಕಟಿಸಿದ ‘ಟೂ-ವೇ’ ವಿಧಾನವನ್ನೇ ಹಿಡಿದಿದ್ದಾರೆ. ಪಠ್ಯ ಎಂಥದ್ದೇ ಇರಲಿ, ಅದರ ಉದ್ದಕ್ಕೆ ತಕ್ಕಷ್ಟೇ ಸಮಯ ಹಿಡೀತದ. ಖಾಲಿ ಪದ ಕೊಟ್ಟರೆ ಪಠ್ಯದ ಆರಂಭವನ್ನೇ ತೋರಿಸ್ತದ. ಅದೂ ಸರಿ, ನಿಯಮ ಹಂಗೇ ಅದ.

ಆದರೆ ಟೆಸ್ಟ್‌ಗಳೆಲ್ಲ ಬರೀ ಇಂಗ್ಲಿಷ್! ನಾನು ನಮ್ಮ ಕಲಬುರಗಿ ಜಿಲ್ಲೆಯ ಮೂರು ತಾಲೂಕು ಕೊಟ್ಟೆ. ಆಳಂದ ತಕ್ಷಣ ಸಿಕ್ಕಿತು. ನಾಲ್ಕು ಸಂಕೇತ, ಯುಟಿಎಫ್-8ರಲ್ಲಿ ತಲಾ 3ರಂತೆ 12 ಬೈಟ್. ಜೇವರ್ಗಿ ಒಂದು ಫೈಲ್‌ನಲ್ಲಿ ಸಿಕ್ಕಿತು, ಇನ್ನೊಂದರಲ್ಲಿ ಇಲ್ಲ. ಕಣ್ಣಿಗೆ ಎರಡೂ ಒಂದೇ. ಬೈಟ್ ಎಣಿಸಿದರೆ ಒಂದರಲ್ಲಿ 21, ಇನ್ನೊಂದರಲ್ಲಿ 24. ಯಾಕಂದ್ರೆ ಯೂನಿಕೋಡ್‌ನಲ್ಲಿ ‘ಜೇ’ಯ ಏತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಇಡಬಹುದು. ಅಫ್ಜಲ್‌ಪುರದ್ದು ಇನ್ನೂ ಮಜಾ. ‘ಲ್’ಗೆ ‘ಪ’ ಒತ್ತಾಗಬಾರದು ಅಂತ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕೂತಿರ್ತದ, ಅದಕ್ಕೂ 3 ಬೈಟ್. ಕೆಲವರು ಸೀದಾ ಅಫಜಲಪುರ ಅಂತ ಬರೀತಾರೆ.

ಉಲ್ಟಾ ತೊಂದರೆನೂ ಅದ. ‘ಕಲ’ ಅಂತ ಹುಡುಕಿದರೆ ‘ಕಲ್ಲೂರ’ ಸಿಗ್ತದ!

ಇದೇನು ಮಹಾ ಅನ್ನಬೇಡಿ. ಇದರ ಮೇಲೆ ನಾಳೆ ಯಾರೋ ಪಿಂಚಣಿ ಪಟ್ಟಿ ಹುಡುಕೋ ತಂತ್ರಾಂಶ ಕಟ್ತಾರೆ. ಕೌಂಟರ್ ಮುಂದೆ ನಿಂತ ಮುದುಕಿಗೆ ‘ನಿನ್ನ ಹೆಸರಿಲ್ಲಬೇ’ ಅಂತಾರೆ. ಹೆಸರು ಅಲ್ಲೇ ಇರ್ತದ.

ಹಂಗಂತ ಇದನ್ನೆಲ್ಲ ಈ ಫಂಕ್ಷನ್‌ನೊಳಗೇ ತುರುಕಬೇಡ್ರಿ ಅಂದೆ. ಅದು ಕೊಡುವ ಜಾಗ ಮೂಲ ಪಠ್ಯದ್ದೇ ಆಗಿರಬೇಕು, ಒಳಗೊಳಗೇ ಪಠ್ಯ ತಿದ್ದಿದರೆ ಆ ಲೆಕ್ಕ ತಪ್ತದ. ಹುಡುಕೋ ಮೊದಲು ಪದ, ಪಠ್ಯ ಎರಡನ್ನೂ ‘ಎನ್‌ಎಫ್‌ಸಿ’ ಎಂಬ ಒಂದೇ ರೂಪಕ್ಕೆ ತರಬೇಕು. ಆ ಕಾಣದ ಸಂಕೇತ ಇದರಿಂದ ಹೋಗಲ್ಲ, ಬೇರೆ ತೆಗೀಬೇಕು. ಇನ್ನು ಜೇವರ್ಗಿ, ಜೇವರಗಿ ಅಂತ ಎರಡು ಥರ ಬರೆಯೋದಕ್ಕೆ ಹೆಸರುಗಳ ಪಟ್ಟಿಯೇ ಗತಿ.

ಕೊನೆಗೆ ಒಪ್ಪಿಗೆ ಕೊಟ್ಟೆ, ಎರಡು ಷರತ್ತು ಹಾಕಿ. ‘ಇದು ಬೈಟ್ ಮಾತ್ರ ಹೋಲಿಸುತ್ತದೆ’ ಅಂತ ವಿವರಣೆಯ ಮೊದಲ ಸಾಲಿನಲ್ಲೇ ಬರೀಬೇಕು. ಮತ್ತೆ ಈ ಮೂರೂ ಊರು ಟೆಸ್ಟ್ ಫೈಲ್‌ನೊಳಗೆ ಇರಬೇಕು.