ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಯೂ ನಮ್ಮ ಹಿರಿಯರೂ

(ಲಕ್ಷ್ಮೀ ನಗರದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಊರಿನಲ್ಲಿದ್ದ ತಂದೆತಾಯಿಯರನ್ನು ನಾವು ಇಲ್ಲಿಗೆ ಕರೆತರುತ್ತೇವೆ. ತಾಯಿಯ ಪಿತ್ತಕೋಶದಲ್ಲಿ ಕಲ್ಲಿದೆಯೆಂದು ತಿಳಿದಾಗ, “ನಾಲ್ಕು ಸಣ್ಣ ತೂತು ಅಷ್ಟೇ ಅಮ್ಮಾ, ಎರಡು ದಿನಕ್ಕೆ ಮನೆಗೆ ಬರ್ತೀಯ” ಎಂದು ಧೈರ್ಯ ಹೇಳುತ್ತೇವೆ. ಅರಿವಳಿಕೆಯ ವೈದ್ಯನಾದ ನನಗೆ ಈ ಮಾತು ಅರ್ಧ ಸತ್ಯವಾಗಿ ಕಾಣುತ್ತದೆ.

ಈ ವಿಧಾನದಿಂದ ಪಿತ್ತಕೋಶವನ್ನು ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾಕ್ಟರ್ ತೆಹೆಮ್ಟನ್ ಉದ್ವಾಡಿಯಾ ಅವರು ಇದನ್ನು ಆರಂಭಿಸಿದರು.

ಉಪಕರಣಗಳನ್ನಾಡಿಸಲು ಒಳಗೆ ಎಡೆ ಬೇಕಷ್ಟೆ. ಅದಕ್ಕಾಗಿ ಹೊಟ್ಟೆಯೊಳಕ್ಕೆ ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಒತ್ತಡದಲ್ಲಿ ತುಂಬುತ್ತಾರೆ. ಆಗ ಎದೆಗೂ ಹೊಟ್ಟೆಗೂ ನಡುವಣ ವಪೆ ಮೇಲಕ್ಕೆ ಸರಿದು ಶ್ವಾಸಕೋಶದ ತಳಭಾಗ ಮುದುಡುತ್ತದೆ. ವಾಯು ರಕ್ತದಲ್ಲಿ ಬೆರೆಯುವುದರಿಂದ, ಅದನ್ನು ಹೊರಹಾಕಲು ಉಸಿರಾಟವನ್ನು ಯಂತ್ರದಿಂದ ಹೆಚ್ಚಿಸಬೇಕಾಗುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗಬಹುದು. ರಕ್ತನಾಳಗಳು ಬಿಗಿದು ಅದರ ಹೊರೆ ಹೆಚ್ಚುತ್ತದೆ. ಒಮ್ಮೊಮ್ಮೆ ನಾಡಿ ಹಠಾತ್ತನೆ ಇಳಿಯುವುದೂ ಉಂಟು. ತರುಣರ ದೇಹ ಇದನ್ನೆಲ್ಲ ತಾಳಿಕೊಳ್ಳುತ್ತದೆ. ಮುಪ್ಪಿನಲ್ಲಿ, ಹೃದಯವೋ ಶ್ವಾಸಕೋಶವೋ ಮೊದಲೇ ಸೋತಿದ್ದರೆ, ಅಷ್ಟು ಶಕ್ತಿ ಉಳಿದಿರುವುದಿಲ್ಲ.

ಹಾಗೆಂದು ಹೆದರಬೇಕಾದುದಿಲ್ಲ. ದೊಡ್ಡ ಗಾಯವಾದರೆ ನೋವಿನಿಂದ ಹಿರಿಯರು ದೀರ್ಘವಾಗಿ ಉಸಿರೆಳೆಯಲು, ಕೆಮ್ಮಲು ಅಂಜುತ್ತಾರೆ. ಅದರಿಂದ ನ್ಯುಮೋನಿಯಕ್ಕೆ ಎಡೆಯಾಗುತ್ತದೆ. ಸಣ್ಣ ರಂಧ್ರದಲ್ಲಿ ಆ ಕಷ್ಟ ಕಡಮೆ. ಬೇಗನೆ ಎದ್ದು ನಡೆಯಬಹುದು. ಆದುದರಿಂದ ಬಹುಮಂದಿ ವೃದ್ಧರಿಗೂ ಇದೇ ಮೇಲು. ದೌರ್ಬಲ್ಯ ಮೊದಲೇ ತಿಳಿದಿದ್ದರೆ ಒತ್ತಡವನ್ನು ತಗ್ಗಿಸಬಹುದು, ಹೃದಯದ ಪರೀಕ್ಷೆ ಮಾಡಿಸಬಹುದು.

ಆದರೆ ತಿಳಿಯುವುದು ಹೇಗೆ? ವೈದ್ಯರು ಹಿಂದಿಯಲ್ಲಿ ಕೇಳುತ್ತಾರೆ; ತಾಯಿ ಸಂಕೋಚದಿಂದ “ಏನೂ ಇಲ್ಲ” ಎನ್ನುತ್ತಾರೆ; ಮಗ ಅಷ್ಟನ್ನೇ ತರ್ಜುಮೆ ಮಾಡುತ್ತಾನೆ. ನಲವತ್ತು ವರ್ಷ ಸೌದೆಯ ಒಲೆ ಊದಿದ್ದು, ತಂದೆಯ ಬೀಡಿ, ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು, ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆ, ಇವೆಲ್ಲ ನಮಗೆ ತಿಳಿಯಲೇಬೇಕು. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ದೆಹಲಿಯ ಈ ನವೆಂಬರಿನ ಹೊಗೆಮಂಜಿನಲ್ಲಿ ಕೆಮ್ಮು, ಉಬ್ಬಸ ಹಿಡಿದಿದ್ದರೆ, ಅವಸರವಿಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದೇ ಎಂದು ಕೇಳಿ.

ಆಸ್ಪತ್ರೆಗೆ ಹೊರಡುವ ಮುನ್ನ ಮನೆಯಲ್ಲಿ ಅವರ ಬಳಿ ಕುಳಿತು, ನಮ್ಮ ಕನ್ನಡದಲ್ಲಿ ಸಾವಕಾಶವಾಗಿ ವಿಚಾರಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಇದೇ ನನ್ನ ಪ್ರಾರ್ಥನೆ.