ಉಕ್ಕಿ ಹರಿದ ಆಜ್ಞೆಗಳು: ಮರ್ರೇ ಹಿಲ್‌ನ ತುಂಬಿದ ಡಿಸ್ಕು



ಸಾಹಿತ್ಯದ ವೇದಿಕೆಯಲ್ಲಿ ಯೂನಿಕ್ಸ್ ಸರ್ವರಿನ ತುಂಬಿದ ಫೈಲ್ ಸಿಸ್ಟಮ್ಮಿನ ಬಗ್ಗೆ ಮಾತೇಕೆ ಎಂದು ಕೇಳುವವರು ಇರಬಹುದು. ಈ ಸಭೆಯಲ್ಲಿ ಕುಳಿತವರ ಪೈಕಿ ಹಲವು ಮನೆಗಳ ಒಲೆ ಉರಿಯುವುದು ಇಂಥ ಕೆಲಸದಿಂದ. ಆದರೂ ಅಮೆರಿಕದ ಕನ್ನಡ ಕಥೆಗಳಲ್ಲಿ ಹಿಮ ಬೀಳುತ್ತದೆ, ತಾಯಿಯ ಫೋನು ಬರುತ್ತದೆ, ನಾಯಕ ಆಫೀಸಿಗೆ ಹೋಗಿ ಬರುತ್ತಾನೆ. ಅಲ್ಲಿ ಅವನು ಮಾಡುವುದೇನು ಎಂಬುದು ಮಾತ್ರ ತಿಳಿಯುವುದಿಲ್ಲ. ಆ ಕೆಲಸದ ಒಂದು ತುಣುಕನ್ನು ಎತ್ತಿಕೊಂಡು, ಅದರ ಚರಿತ್ರೆಯನ್ನೂ ಅದರ ಹಿಂದಿನ ಕೈಗಳನ್ನೂ ನೋಡುವುದು ಈ ಮಾತಿನ ಉದ್ದೇಶ. ಆ ಚರಿತ್ರೆ ಹುಟ್ಟಿದ್ದು ದೂರದಲ್ಲಲ್ಲ. ಐ-78 ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಮರ್ರೇ ಹಿಲ್‌ನ ಬೆಲ್ ಲ್ಯಾಬ್ಸ್ ಕಟ್ಟಡದಲ್ಲಿ.

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್ ಎಂಬ ಮಹತ್ವಾಕಾಂಕ್ಷೆಯ ಯೋಜನೆಯಿಂದ ಹೊರಬಂದಿತು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಗೆಳೆಯರಿಗೆ ಒಳ್ಳೆಯ ಯಂತ್ರವಿಲ್ಲದಾಯಿತು. ಮೂಲೆಯಲ್ಲಿದ್ದ ಹಳೆಯ ಪಿಡಿಪಿ-7ರ ಮೇಲೆ ಥಾಂಪ್ಸನ್ ಹೊಸ ವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ಆಪರೇಟಿಂಗ್ ಸಿಸ್ಟಮ್ ಬರೆಯುತ್ತೇವೆ, ಯಂತ್ರ ಕೊಡಿಸಿ ಎಂದರೆ ಆಡಳಿತ ಕಿವಿಗೊಡುತ್ತಿರಲಿಲ್ಲ. ಮಲ್ಟಿಕ್ಸಿನ ಸುಟ್ಟಗಾಯ ಇನ್ನೂ ಹಸಿಯಾಗಿತ್ತು. ಪಠ್ಯವನ್ನು ತಿದ್ದಿ ಅಚ್ಚುಕಟ್ಟಾಗಿಸುವ ವ್ಯವಸ್ಥೆಯನ್ನು ಕಟ್ಟಿಕೊಡುತ್ತೇವೆ ಎಂದಾಗ ಸುಮಾರು 65,000 ಡಾಲರಿನ ಪಿಡಿಪಿ-11ಕ್ಕೆ ಒಪ್ಪಿಗೆ ದೊರೆಯಿತು. 1970ರ ಬೇಸಿಗೆಯ ಕೊನೆಗೆ ಯಂತ್ರ ಬಂತು. ಡಿಸ್ಕು ಬರುವಷ್ಟರಲ್ಲಿ ಡಿಸೆಂಬರ್.

ಆ ಡಿಸ್ಕಿನ ಗಾತ್ರ ಅರ್ಧ ಮೆಗಾಬೈಟು. ಇಂದು ಕಿಸೆಯ ಫೋನಿನಲ್ಲಿ ತೆಗೆದ ಒಂದೇ ಫೋಟೋ ಅದರಲ್ಲಿ ಹಿಡಿಸುವುದಿಲ್ಲ. ಮೆಮೊರಿ 24 ಸಾವಿರ ಬೈಟು, ಅದರಲ್ಲಿ 16 ಸಾವಿರವನ್ನು ವ್ಯವಸ್ಥೆಯೇ ತಿನ್ನುತ್ತಿತ್ತು. ಒಂದು ಕಡತ 64 ಸಾವಿರ ಬೈಟು ಮೀರುವಂತಿರಲಿಲ್ಲ.

1971ರ ಉತ್ತರಾರ್ಧದಲ್ಲಿ ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗದ ಮೂವರು ಬೆರಳಚ್ಚುಗಾರರು ಈ ಯಂತ್ರದ ಮೇಲೆ ದಿನವಿಡೀ ಪೇಟೆಂಟ್ ಅರ್ಜಿಗಳನ್ನು ಟೈಪು ಮಾಡಿ, ತಿದ್ದಿ, ಜೋಡಿಸುತ್ತಿದ್ದರು. ಅದೇ ಯಂತ್ರದ ಮೇಲೆ, ಅದೇ ಹೊತ್ತಿನಲ್ಲಿ, ಸಂಶೋಧಕರು ಹೊಸ ಪ್ರೋಗ್ರಾಮುಗಳನ್ನು ಪರೀಕ್ಷಿಸುತ್ತಿದ್ದರು. ಒಬ್ಬರ ತಪ್ಪು ಇನ್ನೊಬ್ಬರ ಮೆಮೊರಿಯನ್ನು ಕೆಡಿಸದಂತೆ ತಡೆಯುವ ಯಂತ್ರಾಂಶ ಅದರಲ್ಲಿರಲಿಲ್ಲ. ಪ್ರತಿ ಪ್ರಯೋಗವೂ ಇಡೀ ವ್ಯವಸ್ಥೆಯನ್ನು ಕೆಡವಬಹುದಿತ್ತು. ಡಿಸ್ಕು ಎಷ್ಟು ಚಿಕ್ಕದೆಂದರೆ, ಬೆರಳಚ್ಚುಗಾರರ ಕೆಲವೇ ಗಂಟೆಗಳ ದುಡಿಮೆ ಅದನ್ನು ತುಂಬಿಬಿಡುತ್ತಿತ್ತು. ಆಗ ಒಂದಷ್ಟನ್ನು ಡೆಕ್‌ಟೇಪ್ ಎಂಬ ಚಿಕ್ಕ ಟೇಪುಗಳಿಗೆ ಸಾಗಿಸಿ ಜಾಗ ಮಾಡಬೇಕಾಗುತ್ತಿತ್ತು. ಇದನ್ನೆಲ್ಲ ರಿಚಿಯವರೇ ಮುಂದೆ ಬರೆದ ಯೂನಿಕ್ಸ್ ವಿಕಾಸದ ಲೇಖನದಲ್ಲಿ ಒಪ್ಪಿಕೊಂಡಿದ್ದಾರೆ.

ಅದೇ ಲೇಖನ ಇನ್ನೊಂದು ಮಾತನ್ನೂ ಹೇಳುತ್ತದೆ. ಪೇಟೆಂಟ್ ವಿಭಾಗ ಯೂನಿಕ್ಸನ್ನು ಒಪ್ಪಿಕೊಂಡದ್ದರಿಂದಲೇ ಈ ಗುಂಪಿಗೆ ಸಂಸ್ಥೆಯೊಳಗೆ ಮಾನ್ಯತೆ ಬಂತು, ಆ ಮಾನ್ಯತೆಯ ಬಲದಿಂದಲೇ ಮೊದಮೊದಲ ಪಿಡಿಪಿ-11/45 ಯಂತ್ರಗಳಲ್ಲೊಂದು ಅವರ ಕೈಗೆ ಬಂತು. ಯೂನಿಕ್ಸಿನ ಇಕ್ಕಟ್ಟಾದ ಮನೆ ವಿಸ್ತಾರವಾದದ್ದು ಹೀಗೆ. ಥಾಂಪ್ಸನ್ ಮತ್ತು ರಿಚಿಯವರ ಪ್ರತಿಭೆಯನ್ನು ಕಡಿಮೆ ಮಾಡುವ ಇರಾದೆ ಇಲ್ಲಿಲ್ಲ. ಅವರಿಬ್ಬರಿಗೂ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಯೋಗ್ಯವೇ. ಆದರೆ ದೊಡ್ಡ ಡಿಸ್ಕಿಗೆ ಜಾಮೀನು ನಿಂತದ್ದು ಆ ಮೂವರ ಬೆರಳುಗಳು. ಆ ಲೇಖನದಲ್ಲಿ ಅವರು ಒಂದು ಸಂಖ್ಯೆ ಮಾತ್ರ: ಮೂವರು.

ಹೊಸ ಯಂತ್ರದ ವಿವರ 1974ರ ಜುಲೈನಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧದಲ್ಲಿದೆ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಇದೇ ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿ, ಐಬಿಎಮ್ಮಿನ ಸಂಶೋಧನಾ ಕೇಂದ್ರದಲ್ಲಿ, ಅದು ಮೊದಲು ಮಂಡನೆಯಾಯಿತು. ಒಂದು ಮೆಗಾಬೈಟಿನ ಸ್ಥಿರ ಡಿಸ್ಕು, ತಲಾ ಎರಡೂವರೆ ಮೆಗಾಬೈಟಿನ ನಾಲ್ಕು ಚಿಕ್ಕ ಡಿಸ್ಕುಗಳು, 40 ಮೆಗಾಬೈಟಿನ ಒಂದು ದೊಡ್ಡ ಡಿಸ್ಕು. ಮೂಲ ಡೈರೆಕ್ಟರಿ, ಅಂದರೆ ರೂಟ್, ಸ್ಥಿರ ಡಿಸ್ಕಿನ ಮೇಲೆ. ಬಳಕೆದಾರರ ಕಡತಗಳು ದೊಡ್ಡದರ ಮೇಲೆ. ಇವೆರಡನ್ನು ಕೂಡಿಸುವುದು ಮೌಂಟ್ ಎಂಬ ಕ್ರಿಯೆ: ಒಂದು ಡಿಸ್ಕಿನ ಮೇಲಿನ ಇಡೀ ಮರವನ್ನು ಇನ್ನೊಂದರ ಕೊಂಬೆಗೆ ಕಸಿ ಕಟ್ಟಿದಂತೆ. ಹತ್ತುವವನಿಗೆ ಕಸಿಯ ಗಂಟು ಕಾಣುವುದಿಲ್ಲ, ಒಂದು ಸಂದರ್ಭದ ಹೊರತು. ಒಂದೇ ಕಡತಕ್ಕೆ ಎರಡು ಹೆಸರಿಡುವ ಲಿಂಕ್ ಎಂಬ ಸೌಲಭ್ಯ ಆ ಗಂಟನ್ನು ದಾಟಲಾರದು. ಇಂದಿಗೂ ದಾಟುವುದಿಲ್ಲ.

ಬಳಕೆದಾರರ ಮರದ ಹೆಸರು ಯುಎಸ್ಆರ್. ಕೆನ್ ಅವರ ಮನೆ ಅಲ್ಲಿತ್ತು, ಡೆನಿಸ್ ಅವರ ಮನೆಯೂ ಅಲ್ಲಿತ್ತು. ವ್ಯವಸ್ಥೆಯ ಆಜ್ಞೆಗಳು ಇರುತ್ತಿದ್ದುದು ರೂಟಿನ ಬಿನ್ ಎಂಬ ಡೈರೆಕ್ಟರಿಯಲ್ಲಿ. ಆಜ್ಞೆಗಳು ಹೆಚ್ಚಿದವು, ಬಿನ್ನಿನಲ್ಲಿ ಜಾಗ ಸಾಲದಾಯಿತು. ಆಗ ಮಾಡಿದ್ದೇನು? ಹೆಚ್ಚಿನ ಆಜ್ಞೆಗಳನ್ನು ಬಳಕೆದಾರರ ಜಾಗಕ್ಕೆ ನೂಕಿ, ಯುಎಸ್ಆರ್ ಒಳಗೆ ಇನ್ನೊಂದು ಬಿನ್ ತೆರೆದರು. ಆರಂಭದ ಕೈಪಿಡಿಗಳು ಇವನ್ನು ಉಕ್ಕಿ ಹರಿದ ಆಜ್ಞೆಗಳೆಂದೇ ಕರೆದವು. ಶೆಲ್ ಮೊದಲು ಬಿನ್ನಿನಲ್ಲಿ ಹುಡುಕುತ್ತಿತ್ತು, ಸಿಗದಿದ್ದರೆ ಯುಎಸ್ಆರ್ ಬಿನ್ನಿನಲ್ಲಿ. ಪಡಸಾಲೆ ತುಂಬಿತೆಂದು ಬಾಡಿಗೆದಾರನ ಕೋಣೆಯಲ್ಲಿ ಯಜಮಾನನ ಪೆಟ್ಟಿಗೆ ಇಟ್ಟಂತೆ. ಕಾಲಕ್ರಮದಲ್ಲಿ ಪೆಟ್ಟಿಗೆಗಳೇ ಕೋಣೆಯನ್ನು ತುಂಬಿದವು. ಜನರು ಹೋಮ್ ಎಂಬ ಬೇರೆ ಜಾಗಕ್ಕೆ ಹೊರಡಬೇಕಾಯಿತು. ಬಳಕೆದಾರರ ಹೆಸರು ಹೊತ್ತ ಡೈರೆಕ್ಟರಿಯಲ್ಲಿ ಇಂದು ಬಳಕೆದಾರರೇ ಇಲ್ಲ.

ತಾತ್ಕಾಲಿಕ ಪರಿಹಾರ ಶಾಸ್ತ್ರವಾಯಿತು. ಯಾವ ಆಜ್ಞೆ ಯಾವ ಬಿನ್ನಿನಲ್ಲಿರಬೇಕು ಎಂಬ ಬಗ್ಗೆ ನಿಯಮಗಳು ಹುಟ್ಟಿದವು, ಅವುಗಳಿಗೆ ಗಂಭೀರ ಸಮರ್ಥನೆಗಳೂ ಹುಟ್ಟಿದವು. ಎಲ್ಲವೂ ಅಸಂಬದ್ಧವಲ್ಲ. ಬೂಟ್ ಆಗುವಾಗ ಯುಎಸ್ಆರ್ ಇನ್ನೂ ಮೌಂಟ್ ಆಗಿರದ ಯಂತ್ರಗಳಲ್ಲಿ ರೂಟ್ ಸ್ವಾವಲಂಬಿಯಾಗಿರಬೇಕಿತ್ತು. ಆದರೆ ಡಿಸ್ಕು ಸಾವಿರ ಪಟ್ಟು ಬೆಳೆದ ಮೇಲೂ ವಿಭಜನೆ ಉಳಿಯಿತು. ಫೆಡೋರಾ ಲಿನಕ್ಸ್ ಎರಡು ಬಿನ್ನುಗಳನ್ನು ಮತ್ತೆ ಒಂದಾಗಿಸಿದ್ದು 2012ರ 17ನೆಯ ಆವೃತ್ತಿಯಲ್ಲಿ. ಜಾತಿಯ ಕಟ್ಟಳೆಗಳ ಮೂಲವನ್ನು ಕೆದಕಿದವರಿಗೆ ಈ ಬಗೆಯ ಚರಿತ್ರೆ ಹೊಸದೆನಿಸಲಾರದು. ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯುವುದು ಸರಿಯಲ್ಲ.

ಇನ್ನು ಇಂದಿನ ಸರ್ವರಿಗೆ ಬರೋಣ. ಯಂತ್ರಗಳ ಮಟ್ಟಿಗೆ ವಾಲ್ ಸ್ಟ್ರೀಟ್ ಇರುವುದು ನ್ಯೂಜೆರ್ಸಿಯಲ್ಲಿ: ನ್ಯೂಯಾರ್ಕ್ ಷೇರುಪೇಟೆಯ ಯಂತ್ರಗಳು ಮಾವಾದಲ್ಲಿ, ನಾಸ್ಡಾಕ್‌ನವು ಕಾರ್ಟರೆಟ್‌ನಲ್ಲಿ, ಇನ್ನೂ ಹಲವು ಸಂಸ್ಥೆಗಳವು ಸಿಕಾಕಸ್‌ನಲ್ಲಿ. ಇಂಥ ಕಟ್ಟಡಗಳ ಯಂತ್ರಗಳಲ್ಲಿ ಬದಲಾವಣೆಗೆ ಅನುಮತಿ ಸಿಗುವುದು ಸಾಮಾನ್ಯವಾಗಿ ಶನಿವಾರ ರಾತ್ರಿ. ಎಡಿಸನ್ನಿನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುವ ಇಂಜಿನಿಯರಿಗೆ, ಆಚೆ ತುದಿಯ ಬೆಂಗಳೂರಿನಲ್ಲಿ ಆಗಲೇ ಭಾನುವಾರದ ಬೆಳಗು.

ಅವರು ಮೊದಲು ಕೇಳುವ ಆಜ್ಞೆ ಡಿಎಫ್, ಎಷ್ಟು ಜಾಗ ಉಳಿದಿದೆ ಎಂದು. ಎರಡನೆಯದು ಡಿಯು, ಯಾರು ಎಷ್ಟು ತಿಂದಿದ್ದಾರೆ ಎಂದು. ಎರಡೂ 1971ರ ನವೆಂಬರಿನ ಮೊದಲ ಕೈಪಿಡಿಯಲ್ಲೇ ಇವೆ. ಅರ್ಧ ಮೆಗಾಬೈಟಿನ ಕಾಲದಲ್ಲಿ ಅವು ಎಷ್ಟು ಅಗತ್ಯವಾಗಿದ್ದವೆಂದು ಊಹಿಸಬಹುದು. ಕೆಲವೊಮ್ಮೆ ಇವೆರಡರ ಲೆಕ್ಕ ತಾಳೆಯಾಗುವುದಿಲ್ಲ. ಡಿಎಫ್ ತುಂಬಿದೆ ಎನ್ನುತ್ತದೆ, ಡಿಯು ಅರ್ಧ ಖಾಲಿ ಎನ್ನುತ್ತದೆ. ಕಾರಣ ಮರ್ರೇ ಹಿಲ್‌ನ ವಿನ್ಯಾಸದಲ್ಲಿದೆ. ಯೂನಿಕ್ಸಿನಲ್ಲಿ ಕಡತ ಬೇರೆ, ಅದರ ಹೆಸರು ಬೇರೆ. ಅಳಿಸುವ ಆಜ್ಞೆ ಅಳಿಸುವುದು ಹೆಸರನ್ನು. ಯಾವುದೋ ಪ್ರೋಗ್ರಾಮು ಆ ಕಡತವನ್ನು ತೆರೆದಿಟ್ಟುಕೊಂಡಿದ್ದರೆ, ಹೆಸರು ಹೋದ ಮೇಲೂ ಕಡತ ಜಾಗ ಹಿಡಿದೇ ಇರುತ್ತದೆ. ಹೆಸರಿಲ್ಲದ್ದನ್ನು ಡಿಯು ಎಣಿಸಲಾರದು. ಅದನ್ನು ಹಿಡಿದ ಪ್ರೋಗ್ರಾಮನ್ನು ಎಲ್ಎಸ್ಒಎಫ್ ಮೂಲಕ ಪತ್ತೆಹಚ್ಚಿ ಮರುಚಾಲನೆ ಮಾಡಿದರೆ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಹಿಗ್ಗಿಸುವ ಅಗತ್ಯವೇ ಬೀಳದಿರಬಹುದು. ತುಂಬಿದ್ದೇಕೆ ಎಂದು ಕೇಳದೆ ಹಿಗ್ಗಿಸಿದ ಫೈಲ್ ಸಿಸ್ಟಮ್ ಮುಂದಿನ ತಿಂಗಳು ಮತ್ತೆ ತುಂಬುತ್ತದೆ. ಡಿಸ್ಕುಗಳ ಸಹಜ ಸ್ಥಿತಿಯೇ ತುಂಬಿರುವುದು ಎಂಬರ್ಥದ ಮಾತೊಂದು ಥಾಂಪ್ಸನ್ ಹೆಸರಿನಲ್ಲಿ ಓಡಾಡುತ್ತದೆ.

ರೂಟ್ ಪೂರ್ತಿ ತುಂಬಿದರೆ ಲಾಗು ಬರೆಯಲಾಗದು, ತಾತ್ಕಾಲಿಕ ಕಡತ ಸೃಷ್ಟಿಸಲಾಗದು, ಕೆಲವೊಮ್ಮೆ ಲಾಗಿನ್ ಕೂಡ ಆಗದು. ಆದರೆ ಪೂರ್ತಿ ಎಂಬ ಮಾತಿಗೂ ಒಂದು ಒಳಲೆಕ್ಕವಿದೆ. 1980ರ ದಶಕದಲ್ಲಿ ಬರ್ಕ್ಲಿಯ ಫೈಲ್ ಸಿಸ್ಟಮ್ ಡಿಸ್ಕಿನ ಶೇ. 10ರಷ್ಟನ್ನು ಕಾದಿರಿಸಿತು, ಲಿನಕ್ಸಿನ ಎಕ್ಸ್ಟ್ ಕುಟುಂಬ ಸಾಮಾನ್ಯವಾಗಿ ಶೇ. 5ರಷ್ಟನ್ನು ಕಾದಿರಿಸುತ್ತದೆ. ಸಾಮಾನ್ಯರಿಗೆ ಜಾಗ ಮುಗಿದ ಮೇಲೂ ಸೂಪರ್‌ಯೂಸರಿಗೆ ಆ ಪಾಲು ಉಳಿದಿರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಆರಿಸಲು ನೀರು ಬೇಕಲ್ಲವೇ, ವಾದ ಸರಿಯೇ.

ಹಿಗ್ಗಿಸಲೇಬೇಕಾದರೆ ಈಗಿನ ದಾರಿ ಸುಲಭ. ಹಿಂದೆ ದೊಡ್ಡ ಡಿಸ್ಕು ತಂದು, ಯಂತ್ರ ನಿಲ್ಲಿಸಿ, ಎಲ್ಲವನ್ನೂ ನಕಲು ಮಾಡಬೇಕಿತ್ತು. ಐಬಿಎಂ ತನ್ನ ಎಐಎಕ್ಸ್ ಯೂನಿಕ್ಸಿನಲ್ಲಿ 1990ರಲ್ಲಿ ಲಾಜಿಕಲ್ ವಾಲ್ಯೂಮ್ ಎಂಬ ಪದರವನ್ನು ಒಳಗೊಳಿಸಿತು. ಲಿನಕ್ಸಿಗೂ 1990ರ ದಶಕದ ಕೊನೆಗೆ ಅಂಥದ್ದು ಬಂತು. ಹಲವು ಡಿಸ್ಕುಗಳು ಅವಿಭಕ್ತ ಕುಟುಂಬದ ಕಣಜದಂತೆ ಒಂದೇ ವಾಲ್ಯೂಮ್ ಗ್ರೂಪಿನಲ್ಲಿ ಸೇರುತ್ತವೆ. ಕಣಜದಿಂದ ಬೇಕಾದವರಿಗೆ ಅಳೆದು ಕೊಡಲಾಗುತ್ತದೆ. ಎಲ್‌ವಿಎಕ್ಸ್‌ಟೆಂಡ್ ಎಂಬ ಆಜ್ಞೆ ಕೋಣೆಯನ್ನು ದೊಡ್ಡದು ಮಾಡುತ್ತದೆ. ಆದರೆ ಒಳಗಿರುವ ಫೈಲ್ ಸಿಸ್ಟಮ್ಮಿಗೆ ಅದು ತಿಳಿಯದು. ಎಕ್ಸ್ಟ್4 ಆದರೆ ರೀಸೈಜ್2ಎಫ್ಎಸ್, ಎಕ್ಸ್ಎಫ್ಎಸ್ ಆದರೆ ಗ್ರೋಎಫ್ಎಸ್ ಎಂದು ಬೇರೆಯಾಗಿ ತಿಳಿಸಬೇಕು. ಎರಡನೆಯ ಹೆಜ್ಜೆ ಮರೆತು, ಜಾಗ ಕೊಟ್ಟರೂ ಡಿಎಫ್ ಬದಲಾಗಲಿಲ್ಲವೆಂದು ಗಾಬರಿಯಾಗುವುದು ಹೊಸಬರ ಪಾಡು. ಎಲ್ಲವೂ ಯಂತ್ರ ನಡೆಯುತ್ತಿರುವಾಗಲೇ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ.

ಮರಳುವ ದಾರಿ ಮಾತ್ರ ಇಷ್ಟು ಸುಲಭವಲ್ಲ. ಎಕ್ಸ್ಟ್4 ರೂಟನ್ನು ಕುಗ್ಗಿಸಲು ಯಂತ್ರವನ್ನು ನಿಲ್ಲಿಸಿ ಬೇರೆ ಮಾಧ್ಯಮದಿಂದ ಬೂಟ್ ಮಾಡಬೇಕು. ಎಕ್ಸ್ಎಫ್ಎಸ್ ಆದರೆ ಬಹುತೇಕ ಕುಗ್ಗುವುದೇ ಇಲ್ಲ. ತಪ್ಪು ವಾಲ್ಯೂಮಿಗೆ ಕೊಟ್ಟ ಜಾಗ ಕೊಟ್ಟದ್ದೇ. ಆದ್ದರಿಂದ ರಾತ್ರಿ ಎರಡು ಗಂಟೆಗೆ ಎಂಟರ್ ಒತ್ತುವ ಬೆರಳು ತುಸು ತಡೆಯುತ್ತದೆ. ಎಚ್-1ಬಿ ವೀಸಾದ ಮೇಲಿರುವವರಿಗೆ ಆ ತಡವರಿಕೆಯಲ್ಲಿ ಇನ್ನೊಂದು ಲೆಕ್ಕವೂ ಸೇರಿರುತ್ತದೆ: ಕೆಲಸ ಹೋದರೆ ಹೊಸದನ್ನು ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಮಗಳ ಶಾಲೆ, ಕಾರಿನ ಕಂತು, ಊರಿನ ಅಪ್ಪನ ಔಷಧಿ, ಎಲ್ಲವೂ ಒಂದು ಟರ್ಮಿನಲ್ಲಿನ ಸಾಲಿನ ಮೇಲೆ ನಿಂತಿರುತ್ತವೆ. ಬದಲಾವಣೆಯ ಟಿಕೆಟ್ಟಿನಲ್ಲಿ ಅನುಮೋದಿಸಿದವರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಬಡ್ತಿಯ ಕಡತಕ್ಕೆ ಹೋಗುವುದು ಹೊಸ ಯಂತ್ರ ಕೊಂಡವರ ಸಾಧನೆ. ಹಳೆಯದನ್ನು ಬೀಳದಂತೆ ಹಿಡಿದವರದು ಅಲ್ಲಿ ಕಾಣಿಸುವುದು ವಿರಳ. ಏನೂ ಆಗಲಿಲ್ಲ ಎಂಬುದೇ ಆ ಕೆಲಸದ ಯಶಸ್ಸಾದ್ದರಿಂದ ಅದನ್ನು ತೋರಿಸುವುದೂ ಕಷ್ಟ. ಅರ್ಧ ಶತಮಾನದ ಹಿಂದೆ ಮರ್ರೇ ಹಿಲ್‌ನ ಆ ಮೂವರು ಟೇಪು ಬದಲಾಯಿಸಿಕೊಂಡು ಅರ್ಜಿಗಳನ್ನು ಮುಗಿಸುತ್ತಿದ್ದ ಗಂಟೆಗಳೂ ಹೀಗೆಯೇ ಲೆಕ್ಕದಿಂದ ಹೊರಗುಳಿದವು.

ಅನುಭವಿಗಳು ಆ ರಾತ್ರಿ ಇನ್ನೊಂದು ಕೆಲಸ ಮಾಡಿಯೇ ಮಲಗುತ್ತಾರೆ. ಡಿಎಫ್‌ನ ಹಿಂದಿನ ಮತ್ತು ಈಗಿನ ಫಲಿತಾಂಶಗಳನ್ನು ಟಿಕೆಟ್ಟಿಗೆ ಅಂಟಿಸಿ, ಅವಕಾಶವಿದ್ದರೆ ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ ನೋಡುತ್ತಾರೆ. ಮೌಂಟ್ ಪಟ್ಟಿಯಲ್ಲಿ ಒಂದಕ್ಷರ ತಪ್ಪಿದ್ದರೆ ಅದು ಬಯಲಾಗುವುದು ಆಗಲೇ. ಸೋಮವಾರ ಬೆಳಿಗ್ಗೆ 9.30ಕ್ಕೆ ಪೇಟೆ ತೆರೆಯುವ ಮುನ್ನ ಅದನ್ನು ತಿದ್ದಲು ಆಗ ಇನ್ನೂ ಒಂದು ದಿನವಿರುತ್ತದೆ.