ತಂಗಡಿಗೆ ಕಿವಿ ಐತಿ, ಕೇಳ್ರಿ

ಇವತ್ತಿನ ಮಾತು ಒಂದು ಗಿಡದ ಹೆಸರಿನ ಬಗ್ಗೆ. ಹೆಸರಿನ್ಯಾಗ ಏನೈತಿ ಅನ್ನೋರು ಮೊದಲು ನಮ್ಮಜ್ಜಿ ಕಥಿ ಕೇಳ್ರಿ.

ಅಜ್ಜಿಗೆ ಶುಗರ್ ಐತಿ. ‘ಸೆನ್ನಾ ಚಹಾ ಕುಡಿದ್ರ ಶುಗರ್ ಇಳಿತೈತಿ’ ಅಂತ ಒಂದು ರೀಲ್ ನೋಡಿ, ನಾನೇ ಆನ್‌ಲೈನ್‌ನ್ಯಾಗ ಒಂದು ಪ್ಯಾಕೆಟ್ ತರಿಸಿದೆ. ಎರಡು ದಿನ ಅಜ್ಜಿ ಹೊಟ್ಟಿ ಕೆಟ್ಟು ಮಲಗಿಬಿಟ್ರು. ಡಾಕ್ಟ್ರು ಪ್ಯಾಕೆಟ್ ನೋಡಿ, ‘ಇದು ಸೋನಾಮುಖಿ, ಭೇದಿ ಔಷಧಿ’ ಅಂದ್ರು.

ರೀಲ್‌ನವ್ರು ಹೇಳಿದ್ದು ನಮ್ಮ ಮರೋಳದ ಕಡೆ ಹೊಲದ ಬದುವಿನ ಮ್ಯಾಲೆ ಬೆಳೆಯೋ ಹಳದಿ ಹೂವಿನ ತಂಗಡಿ. ಆವರಿಕೆ, ಹೊನ್ನಾವರಿಕೆ ಅಂತಾನೂ ಕರೀತಾರೆ. ಸೋನಾಮುಖಿಗೆ ಕನ್ನಡದಾಗ ನೆಲಾವರಿಕೆ. ಎರಡೂ ಆವರಿಕೆ, ಎರಡೂ ಸೆನ್ನಾ! ಪ್ಯಾಕೆಟ್ ಮ್ಯಾಲೆ ಅರ್ಧ ಹೆಸರು ಇದ್ರ ಹಿಂಗ ಆಗ್ತೈತಿ.

ಪೂರ್ತಿ ಹೆಸರು ನೋಡ್ರಿ. ತಂಗಡಿ ಅಂದ್ರ ಸೆನ್ನಾ ಆರಿಕ್ಯುಲೇಟಾ. ಸೋನಾಮುಖಿ ಅಂದ್ರ ಸೆನ್ನಾ ಅಲೆಕ್ಸಾಂಡ್ರಿನಾ. ಮೊದಲನೇದು ಮನೆತನ, ಎರಡನೇದು ಆ ಗಿಡದ ಸ್ವಂತ ಹೆಸರು. ನಾನು ಬಿಕಾಂ ಓದಿದಾವ, ನನಗ ಇದು ಪ್ಯಾನ್ ನಂಬರ್ ಇದ್ದಂಗ ಕಾಣ್ತದ. ಒಂದೇ ಅಡ್ಡಹೆಸರಿನವ್ರು ನೂರು ಮಂದಿ ಇರಬಹುದು, ನಂಬರ್ ಮಾತ್ರ ಬ್ಯಾರೆ ಬ್ಯಾರೆ.

ಆರಿಕ್ಯುಲೇಟಾ ಅಂದ್ರ ಲ್ಯಾಟಿನ್‌ನ್ಯಾಗ ‘ಕಿವಿ ಇರುವಂಥದ್ದು’. ಎಲೆಕಾಂಡ ಟೊಂಗೆಗೆ ಕೂಡೋ ಕಡೆ ನೋಡಿದ್ರ ಎರಡು ಅಗಲ ಹಸಿರು ಕಿವಿ ಕಾಣ್ತಾವು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಕರೆದ. ಭಾರತದಾಗ ಕೆಲಸ ಮಾಡಿದ ವಿಲಿಯಂ ರಾಕ್ಸ್‌ಬರ್ಗ್ ಅದನ್ನ ಸೆನ್ನಾ ಗುಂಪಿಗೆ ಸೇರಿಸಿದ. ಅವನು ತೀರಿಕೊಂಡ ಮ್ಯಾಲೆ, 1832ರಲ್ಲಿ ಅಚ್ಚಾದ ಪುಸ್ತಕದಾಗ ಆ ಹೆಸರು ಬಂತು. ಮನೆತನ ಬದಲಾತು, ಕಿವಿ ಮಾತ್ರ ಉಳೀತು.

ಇನ್ನೂ ಗುರುತು ಬೇಕಂದ್ರ: ತಂಗಡಿ ಎಲೆಯೊಳಗ 8ರಿಂದ 12 ಜೋಡಿ ಚಿಕ್ಕೆಲೆ, ತುದಿ ಮೊಂಡು. ಪ್ರತಿ ಜೋಡಿ ನಡುವ ಒಂದು ಸಣ್ಣ ಗ್ರಂಥಿ. ಕಾಯಿ ಉದ್ದ, ಚಪ್ಪಟೆ, ಕಾಗದದಂಗ ತೆಳು. ಸೋನಾಮುಖಿಗೆ ಆ ಕಿವಿನೂ ಇಲ್ಲ, ಗ್ರಂಥಿನೂ ಇಲ್ಲ. ಎಲೆ ತುದಿ ಚೂಪು, ಕಾಯಿ ಗಿಡ್ಡ, ಅಗಲ.

ತಂಗಡಿ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡ್ತಿದ್ರು. ಅದಕ್ಕ ಇಂಗ್ಲಿಷ್‌ನ್ಯಾಗ ಇದಕ್ಕ ‘ಟ್ಯಾನರ್ಸ್ ಕ್ಯಾಸಿಯಾ’ ಅಂತಾರ. ಪಕ್ಕದ ತೆಲಂಗಾಣಕ್ಕ ಇದೇ ರಾಜ್ಯಪುಷ್ಪ. ಅಲ್ಲಿ ಬತುಕಮ್ಮ ಹಬ್ಬದಾಗ ಈ ಹೂವು ಬೇಕೇ ಬೇಕು. ನಮ್ಮ ಕಡೆ ಬದು ಸ್ವಚ್ಛ ಮಾಡುವಾಗ ಕಿತ್ತು ಒಗೀತೀವಿ.

ಅಜ್ಜಿ ಈಗ ಆರಾಮ ಅದಾರ. ನನ್ನ ಮಾತು ಎರಡೇ. ಶುಗರ್ ಮಾತ್ರೆ ಬಿಟ್ಟು ಯಾವ ಚಹಾನೂ ಕುಡೀಬ್ಯಾಡ್ರಿ, ಡಾಕ್ಟ್ರನ್ನ ಕೇಳ್ರಿ. ಪ್ಯಾಕೆಟ್ ಮ್ಯಾಲೆ ಪೂರ್ತಿ ಹೆಸರು ಇಲ್ಲಂದ್ರ ತಗೋಬ್ಯಾಡ್ರಿ.

ಮುಂದಿನ ಸಲ ಹೊಲಕ್ಕ ಹೋದಾಗ ತಂಗಡಿ ಕಿವಿ ಹುಡುಕ್ರಿ. ಸಿಕ್ಕರ ಫೋಟೋ ಕಳಸ್ರಿ. ಮತ್ತ ಸಿಗೋಣ್ರಿ.